ಮೈಕೆಲ್ ಹೆಡ್ಜಸ್ ಅವರ ‘ಏರಿಯಲ್ ಬೌಂಡರೀಸ್’: ನಾದವನ್ನು ಎಲ್ಲಿ ತಡೆಯಬೇಕೆಂದು ಬಲ್ಲ ಗಿಟಾರ್

ಅಮೆರಿಕದ ಗಿಟಾರ್ ವಾದಕ ಮೈಕೆಲ್ ಹೆಡ್ಜಸ್ ಅವರ ಎರಡನೆಯ ಆಲ್ಬಂ ‘ಏರಿಯಲ್ ಬೌಂಡರೀಸ್’ 1984ರಲ್ಲಿ ವಿಂಡಮ್ ಹಿಲ್ ಸಂಸ್ಥೆಯಿಂದ ಹೊರಬಂದಿತು. ಒಂಬತ್ತು ರಚನೆಗಳು, ನಲವತ್ತು ನಿಮಿಷ ತುಂಬದ ಅವಧಿ, ಹಾಡುಗಾರಿಕೆ ಎಲ್ಲಿಯೂ ಇಲ್ಲ, ಹೆಚ್ಚಿನ ಕಡೆ ಒಂದೇ ಅಕೂಸ್ಟಿಕ್ ಗಿಟಾರ್. ಫಿಂಗರ್‌ಸ್ಟೈಲ್ ವಾದನದ, ಅಂದರೆ ತಂತಿಗಳನ್ನು ಬೆರಳುಗಳಿಂದಲೇ ಮೀಟುವ ಕ್ರಮದ, ಮಾತು ಬಂದಲ್ಲೆಲ್ಲ ಈ ಆಲ್ಬಂನ ಹೆಸರು ಬರುತ್ತದೆ, ಅದರ ಬೆನ್ನಿಗೇ ಎರಡೂ ಕೈಗಳನ್ನು ಫ್ರೆಟ್‌ಗಳ, ಅಂದರೆ ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಮೇಲಿಟ್ಟು ನುಡಿಸಿದ ಸಾಹಸದ ವರ್ಣನೆಯೂ ಬರುತ್ತದೆ. ಆ ವರ್ಣನೆಯಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಆದರೂ ಕೈಚಳಕವನ್ನು ಕೇಳಲೆಂದೇ ಈ ಆಲ್ಬಂ ಕೊಂಡವರಿಗೆ ಅದರ ಅರ್ಧದಷ್ಟು ಮಾತ್ರ ದಕ್ಕುತ್ತದೆ ಎಂಬುದು ನನ್ನ ಅನಿಸಿಕೆ. ಪ್ರತಿಯೊಂದು ಸ್ವರ ಎಷ್ಟು ಹೊತ್ತು ಉಳಿಯಬೇಕು, ಯಾವ ಗಳಿಗೆಯಲ್ಲಿ ಅಡಗಬೇಕು ಎಂಬ ಲೆಕ್ಕದಲ್ಲಿಯೇ ಈ ವಾದಕರ ನಿಜವಾದ ಪ್ರತಿಭೆ ಇದೆ, ಮತ್ತು ಆ ಲೆಕ್ಕವನ್ನು ಅವರು ಕಲಿತದ್ದು ಗಿಟಾರ್ ವಾದಕರಿಂದ ಮಾತ್ರವಲ್ಲ.

ಆಲ್ಬಂ ಶೀರ್ಷಿಕೆಯ ರಚನೆಯಿಂದಲೇ ಆರಂಭವಾಗುತ್ತದೆ. ಐದು ನಿಮಿಷಕ್ಕಿಂತ ಚಿಕ್ಕದಾದ ಈ ರಚನೆಗಾಗಿ ಹೆಡ್ಜಸ್ ತಮ್ಮ ಗಿಟಾರನ್ನು ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಸಿ, ಸಿ, ಡಿ, ಜಿ, ಎ, ಡಿ ಎಂದು ಶ್ರುತಿ ಮಾಡಿಕೊಂಡಿದ್ದರು. ಸಾಮಾನ್ಯ ಟ್ಯೂನಿಂಗ್‌ನಲ್ಲಿ ಇ ಆಗಿರುವ ಆರನೆಯ, ಅಂದರೆ ಅತಿ ದಪ್ಪದ, ತಂತಿ ಇಲ್ಲಿ ನಾಲ್ಕು ಅರ್ಧಸ್ವರಗಳಷ್ಟು ಕೆಳಗಿಳಿದು ಸಿ ಆಗುತ್ತದೆ, ಎ ಆಗಿರಬೇಕಾದ ಐದನೆಯ ತಂತಿ ಮೂರು ಅರ್ಧಸ್ವರಗಳಷ್ಟು ಮೇಲೇರಿ ಅದೇ ಸಿ ಸ್ವರವನ್ನು ಒಂದು ಸ್ಥಾಯಿ ಎತ್ತರದಲ್ಲಿ ನುಡಿಯುತ್ತದೆ. ಡಿ ಮತ್ತು ಜಿ ತಂತಿಗಳು ಇದ್ದಲ್ಲೇ ಇರುತ್ತವೆ, ತೆಳುವಾದ ಕೊನೆಯ ಎರಡು ತಂತಿಗಳು ಒಂದೊಂದು ಪೂರ್ಣ ಸ್ವರದಷ್ಟು ಇಳಿಯುತ್ತವೆ. ಹೀಗೆ ಸಜ್ಜಾದ ಬಿಟ್ಟ ತಂತಿಗಳಲ್ಲಿ, ಅಂದರೆ ಬೆರಳಿನಿಂದ ಒತ್ತದೆ ಮೀಟುವ ತಂತಿಗಳಲ್ಲಿ, ಇ ಎಂಬ ಸ್ವರವೇ ಇಲ್ಲ. ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ಋಷಭ, ಪಂಚಮ, ಧೈವತಗಳು ಸಿಗುತ್ತವೆ, ಗಾಂಧಾರ ಸಿಗುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಸ್ವರಮೇಳ ಮೇಜರ್ ಆಗಬೇಕೋ ಮೈನರ್ ಆಗಬೇಕೋ ಎಂಬುದನ್ನು ತೀರ್ಮಾನಿಸುವುದು ಆ ಗಾಂಧಾರವೇ ಆದುದರಿಂದ, ಅದಿಲ್ಲದ ಈ ಶ್ರುತಿಗೆ ಉಲ್ಲಾಸವೆಂದೋ ವಿಷಾದವೆಂದೋ ಹೆಸರಿಡಲು ಬರುವುದಿಲ್ಲ. ರಚನೆಯನ್ನು ಮೊದಲ ಬಾರಿಗೆ ಕೇಳಿದವರು ಅದರ ಭಾವವನ್ನು ವಿವರಿಸಲು ತಡವರಿಸುವುದಕ್ಕೆ ಇದೂ ಒಂದು ಕಾರಣವಿರಬೇಕು.

ನುಡಿಸುವ ಕ್ರಮವೂ ಈ ಶ್ರುತಿಗೆ ಹೊಂದಿಕೊಂಡೇ ಬಂದಿದೆ. ಎಡಗೈ ಬೆರಳುಗಳು ತಂತಿಯನ್ನು ಫ್ರೆಟ್‌ಗೆ ಬಡಿದು ಮತ್ತು ಎಳೆದು ಬಿಡುವ ಮೂಲಕ, ಅಂದರೆ ಹ್ಯಾಮರ್-ಆನ್ ಮತ್ತು ಪುಲ್-ಆಫ್‌ಗಳ ಮೂಲಕ, ಬಲಗೈಯ ನೆರವಿಲ್ಲದೆ ಮಂದ್ರದ ಒಂದು ಆವರ್ತನೆಯನ್ನು ನಡೆಸಿಕೊಂಡು ಹೋಗುತ್ತವೆ. ಹಾಗೆ ಬಿಡುವಾದ ಬಲಗೈ ಒಮ್ಮೆ ಫ್ರೆಟ್‌ಬೋರ್ಡಿನ ಮೇಲೆಯೇ ಬಂದು ಸ್ವರಗಳನ್ನು ತಟ್ಟುತ್ತದೆ, ಒಮ್ಮೆ ತಂತಿಗಳ ಮೇಲೆ ಬೆರಳನ್ನು ಚಾಟಿಯಂತೆ ಬೀಸಿ ತಂತಿಗೆ ಹಗುರವಾಗಿ ತಾಗಿದಾಗ ಹೊಮ್ಮುವ ಹಾರ್ಮೋನಿಕ್‌ಗಳ ಘಂಟಾನಾದವನ್ನು ಎಬ್ಬಿಸುತ್ತದೆ, ಮತ್ತೊಮ್ಮೆ ತನ್ನ ಮಾಮೂಲಿ ಜಾಗಕ್ಕೆ ಹಿಂದಿರುಗಿ ಎಲ್ಲ ತಂತಿಗಳನ್ನು ಒಟ್ಟಿಗೆ ಝಾಡಿಸುತ್ತದೆ. ಕಿವಿಗೆ ಕೇಳುವುದು ಕನಿಷ್ಠ ಇಬ್ಬರು, ಕೆಲವೆಡೆ ಮೂವರು ವಾದಕರು. ಇದರಲ್ಲಿ ಮೇಲೆ ಮೇಲೆ ನುಡಿಸಿ ಸೇರಿಸಿದ ಟ್ರ್ಯಾಕ್‌ಗಳಿಲ್ಲ ಎಂಬುದನ್ನು ನಂಬಲು ಅವರು ಅದನ್ನು ವೇದಿಕೆಯ ಮೇಲೆ ಒಬ್ಬರೇ ನುಡಿಸುತ್ತಿರುವ ವಿಡಿಯೊಗಳನ್ನು ನೋಡಬೇಕಾಗುತ್ತದೆ.

ನಾನು ಮತ್ತೆ ಮತ್ತೆ ಕೇಳುವುದು ಬೇರೊಂದು ಕಾರಣಕ್ಕೆ. ಇಂತಹ ತೆರೆದ ಶ್ರುತಿಯಲ್ಲಿ ಒಂದು ತಂತಿಯನ್ನು ಮೀಟಿದರೆ ಉಳಿದವೂ ಅನುರಣಿಸುತ್ತವೆ. ಅವುಗಳನ್ನು ಹಿಡಿತದಲ್ಲಿಡದಿದ್ದರೆ, ಹಿಂಡದೆ ಒಣಹಾಕಿದ ಬಟ್ಟೆಗಳಂತೆ ಒಂದರ ನೀರು ಇನ್ನೊಂದರ ಮೇಲೆ ಸೋರಿ ಎಲ್ಲವೂ ತೊಯ್ದುಹೋಗುತ್ತದೆ. ತೆರೆದ ಟ್ಯೂನಿಂಗ್‌ಗಳಲ್ಲಿ ನುಡಿಸುವ ಬಹಳಷ್ಟು ವಾದಕರು ಆ ಸೋರಿಕೆಯನ್ನೇ ಮಾಧುರ್ಯವೆಂದು ಒಪ್ಪಿಕೊಂಡಿದ್ದಾರೆ. ಹೆಡ್ಜಸ್ ಒಪ್ಪಿಕೊಳ್ಳಲಿಲ್ಲ. ಕೆಲಸವಿಲ್ಲದ ಬೆರಳು, ಹಸ್ತದ ಅಂಚು, ಹೆಬ್ಬೆರಳಿನ ಪಕ್ಕ, ಏನು ಸಿಕ್ಕರೆ ಅದರಿಂದ ಅವರು ಸ್ವರವನ್ನು ಅದರ ಅವಧಿ ಮುಗಿದೊಡನೆ ತಡೆಯುತ್ತಾರೆ. ಗಿಟಾರ್ ಶಿಕ್ಷಕ ಜಾನ್ ಸ್ಟ್ರೋಪ್ಸ್ ಅವರು ಹೆಡ್ಜಸ್ ಅವರೊಡನೆ ಕೂಡಿ ಸಿದ್ಧಪಡಿಸಿದ ಸ್ವರಲಿಪಿಯ ಪುಸ್ತಕವನ್ನು ನೋಡಿದರೆ, ಸ್ವರ ಎಲ್ಲಿ ಹುಟ್ಟಬೇಕು ಎಂಬುದಕ್ಕೆ ಕೊಟ್ಟಷ್ಟೇ ಗಮನವನ್ನು ಅದು ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಕೊಟ್ಟಿರುವುದು ಕಾಣುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮಂದ್ರ ತಂತಿಗಳನ್ನಷ್ಟೇ ಹಿಂಬಾಲಿಸಿ ಕೇಳಿದವರಿಗೆ ಪುಸ್ತಕವಿಲ್ಲದೆಯೂ ಇದು ತಿಳಿಯುತ್ತದೆ. ಶೀರ್ಷಿಕೆ ರಚನೆಯನ್ನು ಅಂತರ್ಜಾಲದಲ್ಲಿ ನುಡಿಸಿ ತೋರಿಸುವ ನೂರಾರು ಉತ್ಸಾಹಿಗಳಲ್ಲಿ ಬೆರಳುಗಳ ವೇಗವನ್ನು ಸಾಧಿಸಿದವರು ಅನೇಕರಿದ್ದಾರೆ, ಈ ತಡೆಯುವ ವಿದ್ಯೆಯನ್ನು ಸಾಧಿಸಿದವರು ತೀರ ಕಡಿಮೆ.

ಈ ಶಿಸ್ತು ಎಲ್ಲಿಂದ ಬಂತು ಎಂಬುದಕ್ಕೆ ಅವರ ಕಲಿಕೆಯ ದಾರಿಯನ್ನು ನೋಡಬೇಕು. ಹೆಡ್ಜಸ್ ಹುಟ್ಟಿದ್ದು 1953ರ ಡಿಸೆಂಬರ್ 31ರಂದು, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಬೆಳೆದದ್ದು ಒಕ್ಲಹೋಮಾ ರಾಜ್ಯದ ಈನಿಡ್ ಎಂಬ ಊರಿನಲ್ಲಿ. ಗಿಟಾರ್ ಜೊತೆಗೆ ಪಿಯಾನೊ ಮತ್ತು ಕೊಳಲನ್ನೂ ನುಡಿಸುತ್ತಿದ್ದ ಅವರು ಅದೇ ಊರಿನ ಫಿಲಿಪ್ಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಅಭ್ಯಾಸ ಮಾಡಿ, ಅನಂತರ ಬಾಲ್ಟಿಮೋರ್ ನಗರದ ಪೀಬಡಿ ಸಂಗೀತ ಶಾಲೆಗೆ ಸೇರಿ ಸಂಗೀತ ರಚನೆಯಲ್ಲಿ ಪದವಿ ಪಡೆದರು. ಅಲ್ಲಿ ಅವರು ಶಾಸ್ತ್ರೀಯ ಗಿಟಾರನ್ನೂ ಎಲೆಕ್ಟ್ರಾನಿಕ್ ಸಂಗೀತವನ್ನೂ ಕಲಿತರು. ಹಗಲು ಸ್ವರಲಿಪಿ ಬರೆಯುತ್ತ, ರಾತ್ರಿ ಹೊಟ್ಟೆಪಾಡಿಗಾಗಿ ಬಾರುಗಳಲ್ಲಿ ಗಿಟಾರ್ ನುಡಿಸುವ ವಿದ್ಯಾರ್ಥಿಗಳು ಅಮೆರಿಕದ ಸಂಗೀತ ಶಾಲೆಗಳಲ್ಲಿ ಬಹಳ ಮಂದಿ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಈ ಎರಡು ಬದುಕುಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ತಾವು ಗಿಟಾರ್ ನುಡಿಸುವ ರಚನಕಾರರೇ ಹೊರತು ರಚನೆಗಳನ್ನು ಮಾಡುವ ಗಿಟಾರ್ ವಾದಕರಲ್ಲ ಎಂಬ ನಿಲುವನ್ನು ಹೆಡ್ಜಸ್ ಕೊನೆಯವರೆಗೂ ಬಿಡಲಿಲ್ಲ.

ಅವರು ತಮ್ಮ ಮೇಲೆ ಪ್ರಭಾವ ಬೀರಿದವರೆಂದು ಹೆಸರಿಸುತ್ತಿದ್ದವರ ಪಟ್ಟಿ ಈ ಕಾರಣಕ್ಕೆ ವಿಚಿತ್ರವಾಗಿದೆ. ಅದರಲ್ಲಿ ಜಾನಪದ ಮತ್ತು ರಾಕ್ ಲೋಕದ ಲಿಯೊ ಕಾಟ್ಕಿ, ಜೋನಿ ಮಿಚೆಲ್, ಜಾನ್ ಮಾರ್ಟಿನ್, ಪೀಟ್ ಟೌನ್‌ಶೆಂಡ್ ಇದ್ದಾರೆ. ಅವರ ಪಕ್ಕದಲ್ಲಿಯೇ ಇಪ್ಪತ್ತನೆಯ ಶತಮಾನದ ಶಾಸ್ತ್ರೀಯ ರಚನಕಾರರಾದ ಸ್ಟ್ರಾವಿನ್‌ಸ್ಕಿ, ಎಡ್ಗರ್ ವರೇಸ್, ಮಾರ್ಟನ್ ಫೆಲ್ಡ್‌ಮನ್, ಸ್ಟೀವ್ ರೈಶ್ ಇದ್ದಾರೆ. ಪ್ರಭಾವಗಳ ಪಟ್ಟಿ ಕೊಡುವುದು ಸುಲಭ, ಅದು ಸಂಗೀತದಲ್ಲಿ ಕೇಳಿಸುವುದು ಅಪರೂಪ. ಈ ಆಲ್ಬಂನಲ್ಲಿ ಕೇಳಿಸುತ್ತದೆ.

ಲಿಯೊ ಕಾಟ್ಕಿ ಅವರಿಂದಲೇ ತೊಡಗೋಣ. 1969ರಲ್ಲಿ ಗಿಟಾರ್ ವಾದಕ ಜಾನ್ ಫೇಹಿ ಅವರ ಟಕೋಮಾ ಸಂಸ್ಥೆ ಹೊರತಂದ ಕಾಟ್ಕಿ ಅವರ ವಾದ್ಯಸಂಗೀತದ ಆಲ್ಬಂ, ಉಕ್ಕಿನ ತಂತಿಯ ಗಿಟಾರ್ ಒಂದೇ ಒಂದು ಇಡೀ ಕಛೇರಿಯನ್ನು ಹೊರಬಲ್ಲದು ಎಂದು ತೋರಿಸಿಕೊಟ್ಟಿತು. ಆದರೆ ಫೇಹಿ, ಕಾಟ್ಕಿ ಇಬ್ಬರ ವಾದನದ ಬೆನ್ನೆಲುಬು ಹಳೆಯ ಅಮೆರಿಕನ್ ಪದ್ಧತಿಯದು. ಹೆಬ್ಬೆರಳು ಎರಡು ಮಂದ್ರ ತಂತಿಗಳ ನಡುವೆ ಗಡಿಯಾರದಂತೆ ಅತ್ತಿತ್ತ ಹೋಗುತ್ತ ತಾಳ ಹಿಡಿಯುತ್ತದೆ, ಮಿಕ್ಕ ಬೆರಳುಗಳು ಅದರ ಮೇಲೆ ರಾಗ ಕಟ್ಟುತ್ತವೆ. ಕೆಂಟಕಿಯ ಮರ್ಲ್ ಟ್ರಾವಿಸ್, ಅವರನ್ನು ರೇಡಿಯೊದಲ್ಲಿ ಕೇಳಿ ಕಲಿತ ಚೆಟ್ ಆಟ್ಕಿನ್ಸ್ ಇವರೆಲ್ಲರೂ ಬೆಳೆಸಿದ ಕ್ರಮವಿದು. ಹೆಡ್ಜಸ್ ಕಾಟ್ಕಿ ಅವರಿಂದ ಒಂಟಿ ಗಿಟಾರಿನ ಧೈರ್ಯವನ್ನೂ ತಂತಿಯ ಮೇಲಿನ ಒರಟು ಹೊಡೆತವನ್ನೂ ತೆಗೆದುಕೊಂಡರು, ಹೆಬ್ಬೆರಳಿನ ಆ ಗಡಿಯಾರವನ್ನು ಕೈಬಿಟ್ಟರು. ‘ಏರಿಯಲ್ ಬೌಂಡರೀಸ್’ನಲ್ಲಿ ಲಯ ಒಂದೇ ಬೆರಳಿನ ಸ್ವತ್ತಾಗಿ ಉಳಿದಿಲ್ಲ. ಅದು ಎರಡು ಕೈಗಳಿಗೂ ಹಂಚಿಹೋಗಿದೆ. ಹಾಗಾಗಿ ತಾಳದ ಪೆಟ್ಟು ಯಾವ ತಂತಿಯಿಂದ ಬರುತ್ತದೆ ಎಂದು ಊಹಿಸಲಾಗದು.

ಜೋನಿ ಮಿಚೆಲ್ ಅವರಿಂದ ಬಂದದ್ದು ಟ್ಯೂನಿಂಗ್‌ಗಳ ಸ್ವಾತಂತ್ರ್ಯ. ಬಾಲ್ಯದಲ್ಲಿ ಪೋಲಿಯೊ ತಗುಲಿ ಎಡಗೈ ದುರ್ಬಲವಾಗಿದ್ದ ಮಿಚೆಲ್, ಕಷ್ಟದ ಸ್ವರಮೇಳಗಳನ್ನು ಬೆರಳುಗಳಿಂದ ಹಿಡಿಯುವ ಬದಲು ಗಿಟಾರನ್ನೇ ಬೇರೆ ಬೇರೆ ಶ್ರುತಿಗಳಿಗೆ ತಿರುಗಿಸಿಕೊಳ್ಳುವ ದಾರಿ ಕಂಡುಕೊಂಡಿದ್ದರು. ಅವರಿಗೆ ಅಗತ್ಯವಾಗಿದ್ದುದು ಹೆಡ್ಜಸ್ ಅವರಿಗೆ ರಚನೆಯ ಮೊದಲ ಹೆಜ್ಜೆಯಾಯಿತು. ಪ್ರತಿ ರಚನೆಗೂ ಅದರದೇ ಶ್ರುತಿ, ಆ ಶ್ರುತಿ ಬದಲಾದರೆ ರಚನೆಯೇ ಇಲ್ಲ. ಟೌನ್‌ಶೆಂಡ್ ಅವರಿಂದ ಬಂದದ್ದು ತೋಳಿನ ಬೀಸು. ನಾಜೂಕಾದ ಮೀಟಿನ ನಡುವೆ ಥಟ್ಟನೆ ಎಲ್ಲ ತಂತಿಗಳ ಮೇಲೆ ಬೀಳುವ ರಾಕ್ ಶೈಲಿಯ ಪೆಟ್ಟನ್ನು ಫಿಂಗರ್‌ಸ್ಟೈಲ್ ವಾದಕರು ಅಲ್ಲಿಯವರೆಗೆ ಅಸಭ್ಯವೆಂದೇ ದೂರ ಇಟ್ಟಿದ್ದರು.

ಶಾಸ್ತ್ರೀಯ ರಚನಕಾರರ ಪೈಕಿ ಸ್ಟೀವ್ ರೈಶ್ ಅವರ ಛಾಯೆಯನ್ನು ಗುರುತಿಸುವುದು ಸುಲಭ. ಚಿಕ್ಕ ಸ್ವರಗುಚ್ಛವೊಂದು ಆವರ್ತಿಸುತ್ತ, ತುಸುತುಸುವೇ ಸ್ಥಾನ ಪಲ್ಲಟಗೊಳ್ಳುತ್ತ, ಕೇಳುಗರ ಅರಿವಿಗೆ ಬಾರದಂತೆ ಇನ್ನೊಂದಾಗುವ ರೀತಿಯನ್ನು ಶೀರ್ಷಿಕೆ ರಚನೆಯ ಮಂದ್ರದಲ್ಲಿ ಕೇಳಬಹುದು. ವರೇಸ್ ಸಂಗೀತವನ್ನು ವ್ಯವಸ್ಥೆಗೊಳಿಸಿದ ಶಬ್ದವೆಂದು ಕರೆದವರು. ಗಿಟಾರಿನ ಮರದ ಮೇಲಿನ ತಟ್ಟು, ತಂತಿಯ ಮೇಲೆ ಬೆರಳು ಉಜ್ಜಿದ ಸದ್ದು, ಫ್ರೆಟ್‌ಗೆ ತಂತಿ ಬಡಿದ ಠಕ್ಕೆಂಬ ಶಬ್ದ ಇವುಗಳನ್ನು ಒರೆಸಿಹಾಕದೆ ರಚನೆಯ ಭಾಗವಾಗಿಸಿಕೊಂಡ ಹೆಡ್ಜಸ್ ಅವರ ಧೋರಣೆಗೆ ಆ ಮಾತು ನೆಲೆಗಟ್ಟಾಗಿದೆ. ಫೆಲ್ಡ್‌ಮನ್ ಅವರಿಂದ ಕಲಿತದ್ದು ಮೌನದ ಬೆಲೆ ಎಂದು ನಾನು ಭಾವಿಸುತ್ತೇನೆ, ಇದು ಕೇವಲ ನನ್ನ ಕಿವಿಯ ಸಾಕ್ಷ್ಯ.

ಪೀಬಡಿಯ ನಂತರ ಕಂಪ್ಯೂಟರ್ ಸಂಗೀತ ಕಲಿಯುವ ಉದ್ದೇಶದಿಂದ ಹೆಡ್ಜಸ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಡೆಗೆ ಹೊರಟರು. ಅದರ ನೆರೆಯ ಪಾಲೊ ಆಲ್ಟೊ ಪಟ್ಟಣದ ವಾರ್ಸಿಟಿ ಥಿಯೇಟರ್‌ನಲ್ಲಿ 1980ರಲ್ಲಿ ಅವರು ನುಡಿಸುತ್ತಿದ್ದಾಗ, ವಿಂಡಮ್ ಹಿಲ್ ಸಂಸ್ಥೆಯ ಸ್ಥಾಪಕರೂ ಸ್ವತಃ ಗಿಟಾರ್ ವಾದಕರೂ ಆದ ವಿಲಿಯಂ ಆಕರ್‌ಮನ್ ಕೇಳಿದರು. ಕೈ ಒರೆಸುವ ಕಾಗದದ ಮೇಲೆಯೇ ಒಪ್ಪಂದ ಬರೆದು ಸಹಿ ಹಾಕಿಸಿಕೊಂಡರು ಎಂಬ ಕಥೆ ಪ್ರಸಿದ್ಧವಾಗಿದೆ. 1981ರ ಮೊದಲ ಆಲ್ಬಂ ‘ಬ್ರೇಕ್‌ಫಾಸ್ಟ್ ಇನ್ ದ ಫೀಲ್ಡ್’ ಉತ್ಸಾಹದ, ಚುರುಕಿನ ಸಂಗ್ರಹ. ಅದರಲ್ಲಿ ತಂತ್ರಗಳೆಲ್ಲ ಇವೆ, ಆದರೆ ರಚನೆಗಳು ಬಿಡಿಬಿಡಿಯಾಗಿವೆ. ಮೂರು ವರ್ಷಗಳ ನಂತರದ ಎರಡನೆಯ ಆಲ್ಬಂನಲ್ಲಿ ಅವೇ ತಂತ್ರಗಳಿಗೆ ಮಾಡಲು ಕೆಲಸ ಸಿಕ್ಕಿದೆ.

ಉಳಿದ ರಚನೆಗಳಿಗೆ ಬರುವುದಾದರೆ, ಎರಡನೆಯದಾದ ‘ಬೆನ್ಸೂಸಾನ್’ ಫ್ರಾನ್ಸ್‌ನ ಗಿಟಾರ್ ವಾದಕ ಪಿಯರ್ ಬೆನ್ಸೂಸಾನ್ ಅವರಿಗೆ ಸಲ್ಲಿಸಿದ ಗೌರವ. ಅದು ಚಿಕ್ಕದು, ಹಗುರ. ‘ರಿಕೋವರ್ಸ್ ಡ್ರೀಮ್’ ಹಾಗಲ್ಲ. ಅಮೆರಿಕದ ಅಣುಶಕ್ತಿ ನೌಕಾಪಡೆಯನ್ನು ಕಟ್ಟಿದ ಅಡ್ಮಿರಲ್ ಹೈಮನ್ ರಿಕೋವರ್ ಅವರ ಹೆಸರನ್ನು ಹೊತ್ತ ಈ ರಚನೆಯಲ್ಲಿ ಒಂದು ಬಿಗುವು ಆದಿಯಿಂದ ಅಂತ್ಯದವರೆಗೂ ಸಡಿಲಗೊಳ್ಳುವುದಿಲ್ಲ. ಶೀರ್ಷಿಕೆ ರಚನೆಗಿಂತ ಇದೇ ಮೇಲು ಎಂದು ವಾದಿಸುವವರಿದ್ದಾರೆ, ಕೆಲವು ದಿನ ನಾನೂ ಅವರ ಪಕ್ಷ. ‘ರ್‍ಯಾಗಮಫಿನ್’ ಲವಲವಿಕೆಯದು. ‘ಹಾಟ್ ಟೈಪ್’ನಲ್ಲಿ ಗಿಟಾರ್ ಹೆಚ್ಚೂಕಡಿಮೆ ತಾಳವಾದ್ಯವೇ ಆಗುತ್ತದೆ. ಕೊನೆಯ ‘ದ ಮ್ಯಾಜಿಕ್ ಫಾರ್ಮರ್’ ಸಮಾಧಾನದಿಂದ ಆಲ್ಬಂನ ಬಾಗಿಲು ಮುಚ್ಚುತ್ತದೆ.

ನೀಲ್ ಯಂಗ್ ಅವರ 1970ರ ‘ಆಫ್ಟರ್ ದ ಗೋಲ್ಡ್ ರಶ್’ ಹಾಡಿನ ವಾದ್ಯರೂಪದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಲ್ಲಿ ಹಾಡಿನ ಧಾಟಿಯನ್ನು ಹೇಳುವುದು ಮೈಕೆಲ್ ಮ್ಯಾನ್ರಿಂಗ್ ಅವರ ಫ್ರೆಟ್‌ಗಳಿಲ್ಲದ ಬೇಸ್ ಗಿಟಾರ್, ಹೆಡ್ಜಸ್ ಹಿಂದೆ ಸರಿದು ಅದಕ್ಕೆ ನೆಲ ಹಾಸುತ್ತಾರೆ. ಫ್ರೆಟ್‌ಗಳಿಲ್ಲದುದರಿಂದ ಆ ಬೇಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುತ್ತದೆ, ಗಾಯಕರ ಕಂಠದ ಗಮಕ ಅದರಲ್ಲಿ ಸಹಜವಾಗಿ ಬರುತ್ತದೆ. ಒಂಟಿ ಗಿಟಾರಿನಿಂದ ಇಡೀ ವಾದ್ಯವೃಂದವನ್ನು ಕೇಳಿಸಬಲ್ಲ ವಾದಕರೊಬ್ಬರು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟು ಬೇಕಾದಷ್ಟು ಮಾತ್ರ ನುಡಿಸಿರುವುದು, ಅವರು ತಮ್ಮನ್ನು ರಚನಕಾರರೆಂದು ಕರೆದುಕೊಂಡಿದ್ದು ಬರಿಯ ಮಾತಲ್ಲ ಎಂಬುದಕ್ಕೆ ಒಳ್ಳೆಯ ಪುರಾವೆ.

ಆಲ್ಬಂನ ದೌರ್ಬಲ್ಯಗಳು ಎರಡನೆಯ ಪಾರ್ಶ್ವದಲ್ಲಿವೆ. ‘ಸ್ಪೇರ್ ಚೇಂಜ್’ ಎಂಬುದು ಗಿಟಾರಿನ ಧ್ವನಿಯನ್ನು ಟೇಪಿನಲ್ಲಿ ಹಿಡಿದು, ಕತ್ತರಿಸಿ, ಹಿಂದುಮುಂದಾಗಿ ತಿರುಗಿಸಿ ಜೋಡಿಸಿದ ರಚನೆ. ಪೀಬಡಿಯ ಎಲೆಕ್ಟ್ರಾನಿಕ್ ಸಂಗೀತದ ತರಬೇತಿ ನೇರವಾಗಿ ಕಾಣುವುದು ಇಲ್ಲಿಯೇ. ಪ್ರಯೋಗವಾಗಿ ಅದು ಕುತೂಹಲಕರ. ಆದರೆ ಟೇಪಿನ ಕತ್ತರಿ ಮಾಡುವ ಕೆಲಸವನ್ನೆಲ್ಲ ಬರಿಗೈಯಲ್ಲೇ ಮಾಡಿ ತೋರಿಸಿದ ಶೀರ್ಷಿಕೆ ರಚನೆಯನ್ನು ಆಗಲೇ ಕೇಳಿರುವವರಿಗೆ, ಯಂತ್ರದ ಈ ನೆರವು ಅನಗತ್ಯವೆನಿಸುತ್ತದೆ. ‘ಮೆನಾಜ್ ಆ ತ್ರ್ವಾ’ದಲ್ಲಿ ಮಿಂಡಿ ರೋಸೆನ್‌ಫೆಲ್ಡ್ ಅವರ ಕೊಳಲು ಮತ್ತು ಮ್ಯಾನ್ರಿಂಗ್ ಅವರ ಬೇಸ್ ಸೇರಿಕೊಂಡು ಮೂವರ ಗೋಷ್ಠಿಯಾಗುತ್ತದೆ. ಕೊಳಲಿನ ನುಡಿಸಾಣಿಕೆಯಲ್ಲಿ ದೋಷವಿಲ್ಲ, ಆದರೂ ವಿಂಡಮ್ ಹಿಲ್ ಸಂಸ್ಥೆಯ ಹೆಸರಿಗೆ ಅಂಟಿಕೊಂಡ ನಯವಾದ ಹಿನ್ನೆಲೆ ಸಂಗೀತಕ್ಕೆ ಆಲ್ಬಂ ಅತ್ಯಂತ ಹತ್ತಿರ ಹೋಗುವುದು ಈ ರಚನೆಯಲ್ಲಿ.

ಆ ಅಂಟಿನ ಬಗ್ಗೆ ಒಂದು ಮಾತು. ಅಂಗಡಿಗಳಲ್ಲಿ ಈ ಆಲ್ಬಂ ನ್ಯೂ ಏಜ್, ಅಂದರೆ ಮನಸ್ಸಿನ ವಿಶ್ರಾಂತಿಗೆಂದು ಮಾಡಿದ ಸಂಗೀತದ, ವಿಭಾಗದಲ್ಲಿ ಇರುತ್ತಿತ್ತು, ಸ್ಟ್ರೀಮಿಂಗ್ ಸೇವೆಗಳು ಇವತ್ತಿಗೂ ಅದನ್ನು ಧ್ಯಾನಕ್ಕೋ ನಿದ್ರೆಗೋ ಹೊಂದುವ ಸಂಗೀತದ ಪಟ್ಟಿಗೆ ಸೇರಿಸುವುದುಂಟು. ‘ಹಾಟ್ ಟೈಪ್’ ಕೇಳುತ್ತ ನಿದ್ರೆ ಮಾಡಬಲ್ಲವರ ನೆಮ್ಮದಿ ದೊಡ್ಡದು. ಹೆಡ್ಜಸ್ ಈ ಹಣೆಪಟ್ಟಿಗೆ ಸಿಕ್ಕಿಬೀಳದಿರಲು ತಮ್ಮ ಸಂಗೀತಕ್ಕೆ ‘ವಯಲೆಂಟ್ ಅಕೂಸ್ಟಿಕ್’, ‘ಹೆವಿ ಮೆಂಟಲ್’ ಮುಂತಾದ ತಮಾಷೆಯ ಹೆಸರುಗಳನ್ನು ಇಟ್ಟುಕೊಂಡು ಓಡಾಡಿದರು, ಪ್ರಯೋಜನವೇನೂ ಆದಂತಿಲ್ಲ.

ಧ್ವನಿಮುದ್ರಣದ ವಿಷಯದಲ್ಲಿ ಇಂಜಿನಿಯರ್ ಸ್ಟೀವನ್ ಮಿಲ್ಲರ್ ಅವರ ಕೆಲಸ ಮೆಚ್ಚುವಂತಿದೆ, ಆಲ್ಬಂಗೆ ಗ್ರ್ಯಾಮಿ ನಾಮನಿರ್ದೇಶನ ಬಂದದ್ದೂ ಧ್ವನಿಮುದ್ರಣದ ಗುಣಕ್ಕಾಗಿಯೇ. ಮಂದ್ರ ತಂತಿಗಳ ಗಾತ್ರ, ಹಾರ್ಮೋನಿಕ್‌ಗಳ ಹೊಳಪು, ತಂತಿ ಫ್ರೆಟ್‌ಗೆ ತಾಗುವ ಸದ್ದು, ಎಲ್ಲವೂ ಬೇರೆಬೇರೆಯಾಗಿ ನಿಲ್ಲುತ್ತವೆ. ನನ್ನ ಆಕ್ಷೇಪ ಪ್ರತಿಧ್ವನಿಯ ಬಗ್ಗೆ. ಆ ಕಾಲದ ರೂಢಿಯಂತೆ ಗಿಟಾರನ್ನು ದೊಡ್ಡ ಸಭಾಂಗಣದಲ್ಲಿ ಇಟ್ಟಂತೆ ಕೇಳಿಸುವ ರಿವರ್ಬ್ ಬಳಸಲಾಗಿದೆ. ಸ್ವರಗಳನ್ನು ಇಷ್ಟು ಕಟ್ಟುನಿಟ್ಟಾಗಿ ನಿಲ್ಲಿಸುವ ವಾದಕರ ಬೆರಳು ತಂತಿಯನ್ನು ಬಿಟ್ಟ ಮೇಲೂ ಅದರ ನೆರಳು ಸ್ವಲ್ಪ ಹೊತ್ತು ತೇಲುತ್ತಿರುವುದು ಅವರ ಶ್ರಮಕ್ಕೆ ಮಾಡಿದ ಸಣ್ಣ ಅನ್ಯಾಯವೇ ಸರಿ. ಸ್ಪೀಕರ್‌ಗಳಲ್ಲಿ ಇದು ಹೆಚ್ಚು ಕಾಣುತ್ತದೆ, ಹೆಡ್‌ಫೋನ್‌ನಲ್ಲಿ ಕಡಿಮೆ. ಎಲ್‌ಪಿ ತಟ್ಟೆಯಲ್ಲಿ ಕೇಳುವವರಿಗೆ ಇನ್ನೊಂದು ಅನುಕೂಲವಿದೆ. ಮೊದಲ ಪಾರ್ಶ್ವ ನೀಲ್ ಯಂಗ್ ಅವರ ಹಾಡಿಗೆ ಮುಗಿಯುತ್ತದೆ. ತಟ್ಟೆ ತಿರುವಿ ಹಾಕುವ ಆ ವಿರಾಮ ಸಿಡಿಯಲ್ಲೂ ಸ್ಟ್ರೀಮಿಂಗ್‌ನಲ್ಲೂ ಇಲ್ಲದೆ, ‘ಹಾಟ್ ಟೈಪ್’ನ ಮೊದಲ ಹೊಡೆತ ಸ್ವಲ್ಪ ಅವಸರವಾಗಿ ಬಂದು ಬೀಳುತ್ತದೆ.

ಈ ಆಲ್ಬಂನ ನಂತರ ಹೆಡ್ಜಸ್ ಅದನ್ನೇ ಮತ್ತೆ ಮಾಡಲು ಹೋಗಲಿಲ್ಲ. 1985ರ ‘ವಾಚಿಂಗ್ ಮೈ ಲೈಫ್ ಗೋ ಬೈ’ನಲ್ಲಿ ಅವರು ಹಾಡಿದರು. ಕಂಠ ಚೆನ್ನಾಗಿದೆ, ಗಿಟಾರ್ ಹೇಳುವಷ್ಟನ್ನು ಸಾಹಿತ್ಯ ಹೇಳುವುದಿಲ್ಲ. 1987ರ ‘ಲೈವ್ ಆನ್ ದ ಡಬಲ್ ಪ್ಲಾನೆಟ್’ ಅವರ ವೇದಿಕೆಯ ಚೈತನ್ಯವನ್ನು ಹಿಡಿದ ಧ್ವನಿಮುದ್ರಣ. ಹೆಚ್ಚುವರಿ ಮಂದ್ರ ತಂತಿಗಳಿರುವ ಹಳೆಯ ಹಾರ್ಪ್ ಗಿಟಾರನ್ನು ಅವರು ಮೂಲೆಯಿಂದ ಎತ್ತಿ ತಂದು ಮತ್ತೆ ಬಳಕೆಗೆ ಬರುವಂತೆ ಮಾಡಿದ್ದು ಅದರಲ್ಲಿ ಕೇಳಿಸುತ್ತದೆ. 1990ರ ‘ಟ್ಯಾಪ್‌ರೂಟ್’, 1994ರ ‘ದ ರೋಡ್ ಟು ರಿಟರ್ನ್’, 1996ರ ‘ಆರಕಲ್’ ಒಂದರ ನಂತರ ಒಂದು ಬಂದವು. 1997ರ ಡಿಸೆಂಬರ್ ಆರಂಭದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ತಿರುವುಗಳ ರಸ್ತೆಯಲ್ಲಿ ನಡೆದ ಕಾರು ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು 43. ‘ಆರಕಲ್’ ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಮರುವರ್ಷ, ಅದೂ ನ್ಯೂ ಏಜ್ ವಿಭಾಗದಲ್ಲಿ.

ಆಂಡಿ ಮಕೀ, ಕಾಕಿ ಕಿಂಗ್ ಮೊದಲಾದ ಮುಂದಿನ ತಲೆಮಾರಿನ ವಾದಕರ ಮೇಲೆ ಹೆಡ್ಜಸ್ ಅವರ ಪ್ರಭಾವ ಸ್ಪಷ್ಟವಾಗಿದೆ. ಇವತ್ತು ಗಿಟಾರಿನ ಮರದ ಮೇಲೆ ತಬಲಾದಂತೆ ಬಡಿಯುವ, ಕುತ್ತಿಗೆಯ ಮೇಲಿನಿಂದ ಕೈ ಹಾಯಿಸಿ ಸ್ವರ ತಟ್ಟುವ ಯುವಕರು ಎಲ್ಲೆಡೆ ಕಾಣಸಿಗುತ್ತಾರೆ. ಅಂಥವರ ವಾದನದಲ್ಲಿ ತಂತ್ರ ಮೊದಲು ಬಂದು ರಚನೆ ಅದರ ಹಿಂದೆ ಎಳೆದುಕೊಂಡು ಬರುವುದು ಹೆಚ್ಚು. ಅವರನ್ನು ಕೇಳಿ ಈ ಶೈಲಿಯ ಮೇಲೆ ಬೇಸರ ಬಂದಿರುವವರಿಗೂ ‘ಏರಿಯಲ್ ಬೌಂಡರೀಸ್’ ಕೊಳ್ಳಲು ನಾನು ಹೇಳುತ್ತೇನೆ.

ಗಿಟಾರ್ ಕಲಿಯುತ್ತಿರುವವರು ಶೀರ್ಷಿಕೆ ರಚನೆಯಿಂದ ಅಭ್ಯಾಸ ತೊಡಗದಿರುವುದು ಒಳ್ಳೆಯದು. ಐದನೆಯ ತಂತಿಯನ್ನು ಮೂರು ಅರ್ಧಸ್ವರಗಳಷ್ಟು ಬಿಗಿಮಾಡಿದಾಗ ಮಾಮೂಲಿ ದಪ್ಪದ ತಂತಿ ಅತಿಯಾಗಿ ಬಿಗಿಯಾಗುತ್ತದೆ, ತುಂಡಾದರೆ ಆಶ್ಚರ್ಯವಿಲ್ಲ. ಆ ಜಾಗಕ್ಕೆ ತೆಳುವಾದ ತಂತಿಯನ್ನು ಹಾಕಿಕೊಳ್ಳಬೇಕು, ಕೆಳಗಿಳಿದು ಸಡಿಲವಾಗುವ ಆರನೆಯದಕ್ಕೆ ಇನ್ನಷ್ಟು ದಪ್ಪದ್ದು ಬೇಕು. ಬಿಟ್ಟ ತಂತಿಗಳನ್ನು ಬಲಗೈಯಿಂದ ತಡೆಯುವ ಅಭ್ಯಾಸವನ್ನು ಮಾಮೂಲಿ ಟ್ಯೂನಿಂಗ್‌ನಲ್ಲೇ, ತಿಳಿದಿರುವ ಯಾವುದಾದರೂ ಸರಳ ರಚನೆಯ ಮೇಲೆ ಮೊದಲು ಮಾಡಿಕೊಂಡು ಆಮೇಲೆ ಇದಕ್ಕೆ ಬರಬಹುದು. ಕೇಳುಗರಾಗಿ ಮಾತ್ರ ಬರುವವರು ಇದರ ನಂತರ ‘ಲೈವ್ ಆನ್ ದ ಡಬಲ್ ಪ್ಲಾನೆಟ್’ ತೆಗೆದುಕೊಳ್ಳಲಿ, ಹಾಡಿನ ಆಲ್ಬಂಗಳನ್ನು ಕಡೆಗೆ ಇಟ್ಟುಕೊಳ್ಳಲಿ.